ಎತ್ತಿಗೆ ಜ್ವರ, ಎಮ್ಮೆಗೆ ಬರೆ
ಎಂಜಿನ್ ‘ಮಿಸ್ಸಿಂಗ್’ ಹೊಡೆಯುವುದೇಕೆ? ಕಾರಣ ಹುಡುಕುವುದು ಹೇಗೆ?

ಹೀಗೊಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಿ. ಜುಲೈ ತಿಂಗಳು. ಚಾರ್ಮಾಡಿ ಘಾಟಿಯಲ್ಲಿ ಜಡಿಮಳೆ. ಬೆಳ್ತಂಗಡಿಯಲ್ಲಿರುವ ಅಜ್ಜಿಯನ್ನು ನೋಡಿಕೊಂಡು ಚಿಕ್ಕಮಗಳೂರಿಗೆ ಮರಳುತ್ತಿರುವ ಕುಟುಂಬ. ಅಪ್ಪ ಬ್ಯಾಂಕ್ ನೌಕರರು, ಅಮ್ಮ ಗೃಹಿಣಿ, ಮಗಳು ಎರಡನೆಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಸಾಲ ಮಾಡಿ ಕೊಂಡ ಹಳೆಯ ಕಾರು. ಮೂರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಏರು ಶುರುವಾಗಿ ಮೂರು ತಿರುವು ದಾಟುವಷ್ಟರಲ್ಲಿ ಕಾರು ಮುಗ್ಗರಿಸತೊಡಗುತ್ತದೆ. ಆಕ್ಸಲರೇಟರ್ ಒತ್ತಿದಷ್ಟೂ ಜರ್ಕ್. ಮುಂದಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತದೆ. ಹಿಂದೆ ಬಸ್ಸು, ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಮಂಜು ತುಂಬಿದ ಕಣಿವೆ.

ಹೇಗೋ ಕೊಟ್ಟಿಗೆಹಾರ ಸೇರುತ್ತಾರೆ. ಸಮತಟ್ಟಾದ ರಸ್ತೆಗೆ ಬಂದ ಕೂಡಲೇ ಕಾರು ಏನೂ ಆಗಿಲ್ಲವೆಂಬಂತೆ ಓಡುತ್ತದೆ! ಮರುದಿನ ಗ್ಯಾರೇಜಿನಲ್ಲಿ ಮೂರೂ ಪ್ಲಗ್ ಬದಲಾಗುತ್ತವೆ. ಎರಡು ವಾರ ನೆಮ್ಮದಿ. ಮತ್ತೆ ಅದೇ ರಾಗ. ಇನ್ನೊಂದು ಗ್ಯಾರೇಜಿನಲ್ಲಿ ಪೆಟ್ರೋಲ್ ಫಿಲ್ಟರ್ ಬದಲಾಯಿಸಿ, ಇಂಜೆಕ್ಟರ್ ತೊಳೆದು, ಎರಡನೆಯ ಸಿಲಿಂಡರಿಗೆ ಹೊಸ ಕಾಯಿಲ್ ಹಾಕುತ್ತಾರೆ. ಮೂರು ತಿಂಗಳು ನೆಮ್ಮದಿ. ಮತ್ತೆ ಅದೇ! ಖರ್ಚು ಹತ್ತು ಸಾವಿರ ದಾಟುತ್ತದೆ. ಮಗಳ ಪರೀಕ್ಷಾ ಶುಲ್ಕ, ತರಬೇತಿಯ ಕಂತು ಎಲ್ಲವೂ ಎದುರಿಗಿರುವಾಗ ಇದು ಸಣ್ಣ ಮೊತ್ತವಲ್ಲ. ‘ಈ ಗಾಡಿ ಮಾರಿಬಿಡೋಣ’ ಎನ್ನುತ್ತಾರೆ ಅಮ್ಮ.

ಪ್ರಸಂಗ ಕಲ್ಪಿತವಾದರೂ ಕಾರಿಟ್ಟುಕೊಂಡವರಿಗೆ ಅಪರಿಚಿತವೇನಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಚಿಕಿತ್ಸೆಯಲ್ಲಿ ಹಣವಷ್ಟೇ ಹೋಗುವುದಿಲ್ಲ, ಯಂತ್ರದ ಮೇಲಿನ ವಿಶ್ವಾಸವೂ ಹೋಗುತ್ತದೆ. ಆದರೆ ಈ ರೋಗವನ್ನು ಹುಡುಕಲು ಬೇಕಾದ ವಿಜ್ಞಾನವೆಲ್ಲ ಪಿಯುಸಿ ಭೌತಶಾಸ್ತ್ರದ ಪುಸ್ತಕದಲ್ಲೇ ಇದೆ ಎಂದರೆ ಆಶ್ಚರ್ಯವಾದೀತು.

ಮಿಸ್ಸಿಂಗ್ ಎಂದರೇನು?

ಜರ್ಮನಿಯ ನಿಕೊಲಾಸ್ ಆಟೊ 1876ರಲ್ಲಿ ರೂಪಿಸಿದ ನಾಲ್ಕು ಹೊಡೆತದ ಎಂಜಿನ್ನಿನ ತತ್ವವೇ ಇಂದಿನ ಪೆಟ್ರೋಲ್ ಕಾರಿನಲ್ಲೂ ಇರುವುದು. ಪಿಸ್ಟನ್ ಒಮ್ಮೆ ಕೆಳಗಿಳಿದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆದುಕೊಳ್ಳುತ್ತದೆ. ಮೇಲೇರಿ ಅದನ್ನು ಒತ್ತುತ್ತದೆ. ಆಗ ಕಿಡಿ ಹಾರಿ ಮಿಶ್ರಣ ಉರಿದು ಪಿಸ್ಟನ್ನನ್ನು ಕೆಳಗೆ ತಳ್ಳುತ್ತದೆ. ಮತ್ತೆ ಮೇಲೇರಿ ಹೊಗೆಯನ್ನು ಹೊರದಬ್ಬುತ್ತದೆ. ನಾಲ್ಕರಲ್ಲಿ ಶಕ್ತಿ ಕೊಡುವುದು ಒಂದೇ ಹೊಡೆತ. ಉಳಿದ ಮೂರೂ ಅದರ ಸೇವೆಗೆ.

ಈ ನಾಲ್ಕು ಹೊಡೆತಕ್ಕೆ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುತ್ತದೆ. ಮೂರು ಸಿಲಿಂಡರುಗಳಿದ್ದರೆ ಪ್ರತಿ 240 ಡಿಗ್ರಿಗೊಮ್ಮೆ ಒಂದೊಂದು ಸಿಲಿಂಡರಿನ ಸರದಿ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ಪ್ರತಿ ಸಿಲಿಂಡರೂ ನಿಮಿಷಕ್ಕೆ 1500 ಬಾರಿ, ಸೆಕೆಂಡಿಗೆ 25 ಬಾರಿ ಉರಿಯಬೇಕು. ಒಂದು ಹೊಡೆತಕ್ಕೆ ಸಿಗುವ ಸಮಯ ಸೆಕೆಂಡಿನ ನೂರನೆಯ ಒಂದು ಭಾಗ ಮಾತ್ರ.

ಈ ಸರದಿಯಲ್ಲಿ ಒಂದು ಸಿಲಿಂಡರು ಉರಿಯದೆ ಹೋದರೆ ಅದೇ ‘ಮಿಸ್ ಫೈರ್’. ಗ್ಯಾರೇಜಿನ ಭಾಷೆಯಲ್ಲಿ ‘ಮಿಸ್ಸಿಂಗ್’. ಪಲ್ಲಕ್ಕಿ ಹೊರುವವರಲ್ಲಿ ಒಬ್ಬ ಎಡವಿದಂತೆ. 240 ಡಿಗ್ರಿಗೊಮ್ಮೆ ಬರಬೇಕಾದ ತಳ್ಳುವಿಕೆ 480 ಡಿಗ್ರಿ ಕಾಯಬೇಕಾಗುತ್ತದೆ, ಕಾರು ಅದುರುತ್ತದೆ. ನಾಲ್ಕು ಸಿಲಿಂಡರಿನ ಕಾರಿನಲ್ಲಿ ಒಂದು ಕೈಕೊಟ್ಟರೆ ಹೋಗುವುದು ಕಾಲು ಭಾಗ ಬಲ. 1983ರಲ್ಲಿ ಬಂದ ಮಾರುತಿ 800ರಂಥ ಮೂರು ಸಿಲಿಂಡರಿನ ಕಾರಿನಲ್ಲಾದರೆ ಮೂರನೆಯ ಒಂದು ಭಾಗವೇ ಖೋತಾ!

ಮೂರು ಬೇಡಿಕೆಗಳು

ಒಲೆ ಹೊತ್ತಿಸಲು ಕಟ್ಟಿಗೆ, ಗಾಳಿ, ಬೆಂಕಿಕಡ್ಡಿ ಬೇಕು. ಎಂಜಿನ್ನಿಗೂ ಅಷ್ಟೇ. ಸರಿಯಾದ ಮಿಶ್ರಣ, ಸಾಕಷ್ಟು ಒತ್ತಡ, ಸಕಾಲದಲ್ಲಿ ಬಲವಾದ ಕಿಡಿ. ಸಿಲಿಂಡರು ಉರಿಯದಿದ್ದರೆ ಈ ಮೂರರಲ್ಲಿ ಒಂದು ತಪ್ಪಿರಲೇಬೇಕು.

ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಒಂದು ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು. ಇಂಜೆಕ್ಟರ್ ಕಟ್ಟಿಕೊಂಡರೆ ಪೆಟ್ರೋಲ್ ಕಡಿಮೆಯಾಗುತ್ತದೆ. ಒಳಗಾಳಿಯ ಕೊಳವೆ ಎಲ್ಲಾದರೂ ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ನುಸುಳುತ್ತದೆ. ಎರಡರಲ್ಲೂ ಮಿಶ್ರಣ ತೆಳುವಾಗಿ ಕಿಡಿ ತಗುಲಿದರೂ ಹೊತ್ತುವುದಿಲ್ಲ. ಇನ್ನು ಪಿಸ್ಟನ್ ರಿಂಗ್ ಸವೆದರೆ ಅಥವಾ ವಾಲ್ವ್ ಸರಿಯಾಗಿ ಕೂರದಿದ್ದರೆ ಒತ್ತಡ ಸೋರಿಹೋಗುತ್ತದೆ. ಉಳಿದದ್ದು ಕಿಡಿ. ನಮ್ಮ ಪ್ರಸಂಗದ ಗುಟ್ಟು ಅಡಗಿರುವುದು ಅಲ್ಲಿಯೇ.

ಹನ್ನೆರಡು ವೋಲ್ಟಿನಿಂದ ಮಿಂಚು

ಕಾರಿನ ಬ್ಯಾಟರಿಯಲ್ಲಿರುವುದು 12 ವೋಲ್ಟ್. ಪ್ಲಗ್ಗಿನ ತುದಿಯಲ್ಲಿರುವ ಸಂದು ಒಂದು ಮಿಲಿಮೀಟರಿನಷ್ಟು. ಇಷ್ಟು ಸಣ್ಣ ಸಂದನ್ನೂ 12 ವೋಲ್ಟ್ ದಾಟಲಾರದು. ಸಾವಿರಾರು ವೋಲ್ಟ್ ಬೇಕು. ಅದನ್ನು ಒದಗಿಸುವುದೇ ಇಗ್ನಿಷನ್ ಕಾಯಿಲ್.

ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ಮೂಲ. ಕಾಂತಕ್ಷೇತ್ರ ಬದಲಾದಾಗ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಬದಲಾವಣೆ ಎಷ್ಟು ಚುರುಕೋ ವೋಲ್ಟೇಜ್ ಅಷ್ಟು ಹೆಚ್ಚು. ಐರ್ಲೆಂಡಿನ ಪಾದ್ರಿ ಹಾಗೂ ಅಧ್ಯಾಪಕ ನಿಕೊಲಾಸ್ ಕ್ಯಾಲನ್ 1836ರಲ್ಲಿ ಪ್ರೇರಣಾ ಸುರುಳಿ ನಿರ್ಮಿಸಿದರು. ಅಮೆರಿಕದ ಚಾರ್ಲ್ಸ್ ಕೆಟರಿಂಗ್ 1910ರ ಸುಮಾರಿಗೆ ಬ್ಯಾಟರಿ ಮತ್ತು ಕಾಯಿಲ್ ಬಳಸುವ ವ್ಯವಸ್ಥೆಯನ್ನು ಕಾರಿಗೆ ಒಗ್ಗಿಸಿದರು. ದಪ್ಪ ತಂತಿಯ ಕೆಲವು ನೂರು ಸುತ್ತು, ಅದರ ಜೊತೆಗೆ ಕೂದಲೆಳೆಯಂಥ ತಂತಿಯ ಸಾವಿರಾರು ಸುತ್ತು. ದಪ್ಪ ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಸಣ್ಣ ತಂತಿಯ ತುದಿಯಲ್ಲಿ 20,000 ವೋಲ್ಟಿಗೂ ಮಿಕ್ಕಿದ ಒತ್ತಡ ಪುಟಿಯುತ್ತದೆ.

ಹಳೆಯ ಕಾರುಗಳಲ್ಲಿ ಒಂದೇ ಕಾಯಿಲ್, ಕಿಡಿಯನ್ನು ಹಂಚಲು ಡಿಸ್ಟ್ರಿಬ್ಯೂಟರ್, ಅಲ್ಲಿಂದ ಪ್ರತಿ ಪ್ಲಗ್ಗಿಗೂ ಉದ್ದನೆಯ ವೈರು ಇರುತ್ತಿದ್ದವು. ಇಂದಿನ ಹಲವು ಕಾರುಗಳಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯಿಲ್ ಕುಳಿತಿರುತ್ತದೆ. ಕಾಯಿಲಿನಿಂದ ಪ್ಲಗ್ಗಿಗೆ ಕಿಡಿ ತಲುಪಿಸುವುದು ಬೆರಳುದ್ದದ ರಬ್ಬರ್ ಬೂಟು. ಅದು ಎಂಜಿನ್ ತಲೆಯಲ್ಲಿರುವ ಬಾವಿಯಂಥ ಗುಳಿಯೊಳಗೆ ಇಳಿದಿರುತ್ತದೆ.

ಏರಿನಲ್ಲೇ ಏಕೆ?

ಸಮತಟ್ಟಿನಲ್ಲಿ ಸುಮ್ಮನಿರುವ ಕಾರು ಘಾಟಿಯಲ್ಲೇ ಏಕೆ ಮುಗ್ಗರಿಸಬೇಕು? ಇದಕ್ಕೆ ಉತ್ತರ ಕೊಡುವವರು ಜರ್ಮನ್ ಭೌತವಿಜ್ಞಾನಿ ಫ್ರೀಡ್ರಿಕ್ ಪಾಶೆನ್. ಅನಿಲದಲ್ಲಿ ಕಿಡಿ ಹಾರಲು ಬೇಕಾದ ವೋಲ್ಟೇಜು ಅನಿಲದ ಒತ್ತಡ ಮತ್ತು ಸಂದಿನ ಅಗಲ ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆ ಎಂದು ಅವರು 1889ರಲ್ಲಿ ತೋರಿಸಿದರು. ಎಂಜಿನ್ನಿನೊಳಗಿನ ಸ್ಥಿತಿಯಲ್ಲಿ ಒತ್ತಡ ಹೆಚ್ಚಿದಷ್ಟೂ ಬೇಕಾಗುವ ವೋಲ್ಟೇಜು ಹೆಚ್ಚು.

ಏರಿನಲ್ಲಿ ಆಕ್ಸಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ ನುಗ್ಗುತ್ತದೆ. ಕಿಡಿ ಹಾರುವ ಕ್ಷಣದ ಒತ್ತಡ ಏರುತ್ತದೆ. ಆಗ ಕಾಯಿಲ್ ಹೆಚ್ಚು ವೋಲ್ಟೇಜು ಕೊಡಬೇಕು. ಕಟ್ಟೆಯಲ್ಲಿ ನೀರು ಕಡಿಮೆಯಿದ್ದಾಗ ಸಣ್ಣ ಬಿರುಕು ಸೋರುವುದಿಲ್ಲ, ಮಟ್ಟ ಏರಿದಾಗ ಅಲ್ಲಿಂದಲೇ ನೀರು ಚಿಮ್ಮುತ್ತದೆ. ಹಾಗೆಯೇ ವೋಲ್ಟೇಜು ಏರಿದಾಗ ಅವಾಹಕದಲ್ಲಿ ಬಿರುಕಿದ್ದರೆ ಕಿಡಿ ಪ್ಲಗ್ಗಿನ ಸಂದನ್ನು ಬಿಟ್ಟು ಬಿರುಕಿನ ಮೂಲಕ ಹತ್ತಿರದ ಲೋಹಕ್ಕೆ ಹಾರುತ್ತದೆ. ಮಳೆಗಾಲದ ತೇವ ಆ ದಾರಿಯನ್ನು ಇನ್ನಷ್ಟು ಸುಗಮ ಮಾಡುತ್ತದೆ.

ಹಾಗಾದರೆ ‘ಯಾವಾಗ ಮಿಸ್ಸಿಂಗ್?’ ಎಂಬ ಪ್ರಶ್ನೆಯೇ ಅರ್ಧ ಚಿಕಿತ್ಸೆ. ಏರಿನಲ್ಲಿ, ಭಾರ ಬಿದ್ದಾಗ, ಮಳೆಯಲ್ಲಿ ಬಂದರೆ ಮೊದಲ ಅನುಮಾನ ಕಿಡಿಯ ಮೇಲೆ. ನಿಂತಾಗ ಅದುರಿ, ವೇಗ ಹೆಚ್ಚಿಸಿದಾಗ ಸರಿಹೋದರೆ ಗಾಳಿ ಸೋರಿಕೆ ಇರಬಹುದು. ಏಕೆಂದರೆ ಐಡ್ಲಿಂಗಿನಲ್ಲಿ ಒಳಬರುವ ಒಟ್ಟು ಗಾಳಿಯೇ ಕಡಿಮೆಯಾದ್ದರಿಂದ ಸಣ್ಣ ಸೋರಿಕೆಯೂ ದೊಡ್ಡ ಪಾಲಾಗುತ್ತದೆ. ಎಂಜಿನ್ ಬಿಸಿಯಾದ ಮೇಲಷ್ಟೇ ಬಂದರೆ ಕಾಯಿಲ್ಲಿನೊಳಗೆ ತಂತಿ ಬಿಟ್ಟಿರಬಹುದು. ಬಿಸಿಗೆ ಹಿಗ್ಗಿ ಸಂಪರ್ಕ ತಪ್ಪುತ್ತದೆ, ತಣಿದಾಗ ಕೂಡುತ್ತದೆ. ಪೆಟ್ರೋಲ್ ತುಂಬಿಸಿದ ಬೆನ್ನಿಗೇ ಶುರುವಾದರೆ ನೀರು ಸೇರಿದ ಪೆಟ್ರೋಲಿನ ಮೇಲೆ ಕಣ್ಣಿಡಬೇಕು. ಸದಾಕಾಲ, ಎಲ್ಲ ವೇಗದಲ್ಲೂ ಒಂದೇ ಸಿಲಿಂಡರು ಸತ್ತಂತಿದ್ದರೆ ಒತ್ತಡದ ಪರೀಕ್ಷೆಯನ್ನು ಮರೆಯುವಂತಿಲ್ಲ.

ಮಿನುಗುವ ದೀಪದ ಮಾತು

ಯಾವ ಸಿಲಿಂಡರು ತಪ್ಪುತ್ತಿದೆ ಎಂಬುದನ್ನು ಕಾರೇ ಹೇಳಬಲ್ಲುದು. ಕ್ರ್ಯಾಂಕ್ ಶಾಫ್ಟಿನ ಜೊತೆ ತಿರುಗುವ ಹಲ್ಲಿನ ಚಕ್ರವೊಂದಿರುತ್ತದೆ. ಹಲವು ಎಂಜಿನ್ನುಗಳಲ್ಲಿ ಅದು 60 ಹಲ್ಲಿನ ಅಳತೆಯದು. ಎರಡು ಹಲ್ಲನ್ನು ಗುರುತಿಗಾಗಿ ಬಿಟ್ಟು 58 ಇರುತ್ತವೆ. ಎದುರಿನ ಸಂವೇದಕ ಪ್ರತಿ ಹಲ್ಲು ಹಾಯುವ ಸಮಯವನ್ನು ಕಂಪ್ಯೂಟರಿಗೆ ತಿಳಿಸುತ್ತಿರುತ್ತದೆ. ಸಿಲಿಂಡರು ಉರಿದಾಗ ಚಕ್ರ ಕೊಂಚ ವೇಗ ಪಡೆಯಬೇಕು. ಪಡೆಯದಿದ್ದರೆ, ಆಗ ಸರದಿ ಯಾರದೆಂದು ನೋಡಿ ಕಂಪ್ಯೂಟರು ತಪ್ಪಿತಸ್ಥನ ಹೆಸರು ಬರೆದಿಡುತ್ತದೆ.

ಅಮೆರಿಕದಲ್ಲಿ ಈ ಬಗೆಯ ಸ್ವಯಂ ತಪಾಸಣೆ 1996ರ ಮಾದರಿಯ ಕಾರುಗಳಿಂದ ಕಡ್ಡಾಯವಾಯಿತು. ಭಾರತದಲ್ಲೂ ನಂತರ ಜಾರಿಗೆ ಬಂತು. ಸ್ಕ್ಯಾನರ್ ಜೋಡಿಸಿದರೆ ಸಂಕೇತ ಕಾಣುತ್ತದೆ. ಪಿ 0301 ಎಂದರೆ ಮೊದಲನೆಯ ಸಿಲಿಂಡರು, ಪಿ 0302 ಎಂದರೆ ಎರಡನೆಯದು. ಪಿ 0300 ಎಂದರೆ ನಿರ್ದಿಷ್ಟವಾಗಿ ಒಂದಲ್ಲ, ಅಲ್ಲಲ್ಲಿ ತಪ್ಪುತ್ತಿದೆ ಎಂದರ್ಥ. ಆಗ ಎಲ್ಲ ಸಿಲಿಂಡರುಗಳಿಗೂ ಸಾಮಾನ್ಯವಾದ ಪೆಟ್ರೋಲ್ ಪಂಪು, ಗಾಳಿ ಸೋರಿಕೆಗಳತ್ತ ನೋಡಬೇಕು.

ಒಂದು ಎಚ್ಚರಿಕೆ: ಸಂಕೇತ ಹೇಳುವುದು ‘ಯಾರು’ ಎಂದು, ‘ಏಕೆ’ ಎಂದಲ್ಲ. ಜ್ವರಮಾಪಕ ಜ್ವರ ಎಷ್ಟೆಂದು ತೋರಿಸೀತೇ ಹೊರತು ಮಲೇರಿಯವೋ ಟೈಫಾಯಿಡೋ ಎಂದು ಹೇಳದು.

ದೀಪ ಸ್ಥಿರವಾಗಿ ಉರಿಯುತ್ತಿದ್ದರೆ ಬೇಗ ತೋರಿಸಿ ಎಂದರ್ಥ. ಮಿನುಗುತ್ತಿದ್ದರೆ ಸಾಮಾನ್ಯವಾಗಿ ಅಪಾಯ ಈಗಲೇ ನಡೆಯುತ್ತಿದೆ ಎಂದು. ಉರಿಯದ ಪೆಟ್ರೋಲ್ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ದುಬಾರಿ ಲೋಹ ಲೇಪಿಸಿದ ಅದರ ಜೇನುಗೂಡು ಅತಿಯಾಗಿ ಕಾಯ್ದು ಕರಗಬಹುದು. ಕೆಂಪಗೆ ಕಾದ ಕನ್ವರ್ಟರಿನ ಅಡಿಯಲ್ಲಿ ಒಣಹುಲ್ಲಿದ್ದರೆ ಬೆಂಕಿಯ ಭಯವೂ ಇದೆ. ಆದ್ದರಿಂದ ದೀಪ ಮಿನುಗಿದರೆ ಆಕ್ಸಲರೇಟರ್ ಸಡಿಲಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸುವುದೇ ಜಾಣತನ.

ಒಂದು ಸಲಕ್ಕೆ ಒಂದೇ ಬದಲಾವಣೆ

ಮತ್ತೆ ನಮ್ಮ ಕುಟುಂಬದತ್ತ ಬರೋಣ. ಮೂರನೆಯ ಬಾರಿ ಅವರು ಹೋದದ್ದು ತಗಡಿನ ಚಾವಣಿಯ ಸಣ್ಣ ಗ್ಯಾರೇಜಿಗೆ. ವಯಸ್ಸಾದ ಮೇಸ್ತ್ರಿ ಪಾನಾ ಕೈಗೆತ್ತಿಕೊಳ್ಳಲಿಲ್ಲ. ಮೊದಲು ಪ್ರಶ್ನೆ ಕೇಳಿದರು. ‘ಯಾವಾಗ ಆಗತ್ತೆ ಸಾರ್? ಮಳೇಲೋ ಬಿಸಿಲಲ್ಲೋ? ಏರಲ್ಲೋ ಇಳಿಜಾರಲ್ಲೋ? ಇದುವರೆಗೆ ಏನೇನು ಬದಲಾಯಿಸಿದ್ದೀರಿ? ಬದಲಾಯಿಸಿದ ಮೇಲೆ ಎಷ್ಟು ದಿನ ಸರಿ ಇತ್ತು?’

ಸ್ಕ್ಯಾನರ್ ಪಿ 0302 ತೋರಿಸಿತು. ಮೇಸ್ತ್ರಿ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್ ಕಿತ್ತರು. ಎರಡನೆಯದರ ಬೂಟಿನ ತುದಿಗೆ ಎಣ್ಣೆ ಮೆತ್ತಿತ್ತು. ಅದನ್ನು ಗಮನಿಸಿದರೂ ತೀರ್ಪು ಕೊಡಲಿಲ್ಲ. ಎರಡನ್ನೂ ಅದಲುಬದಲು ಮಾಡಿ, ಸಂಕೇತ ಅಳಿಸಿ, ಊರ ಹೊರಗಿನ ಏರಿನಲ್ಲಿ ಓಡಿಸಿ ತಂದರು. ಈಗ ಸ್ಕ್ಯಾನರಿನಲ್ಲಿ ಪಿ 0303!

‘ಅಂದರೆ ಕಾಯಿಲ್ ಜೊತೆಗೇ ದೋಷವೂ ಹೋಯಿತು. ಪ್ಲಗ್, ಇಂಜೆಕ್ಟರ್, ವಾಲ್ವ್ ಎಲ್ಲ ಇದ್ದ ಜಾಗದಲ್ಲೇ ಇವೆ. ಹಾಗಾಗಿ ಅವುಗಳ ತಪ್ಪಲ್ಲ,’ ಎಂದಳು ಮಗಳು. ಪ್ರಯೋಗಾಲಯದಲ್ಲಿ ಒಂದು ಅಂಶವನ್ನು ಮಾತ್ರ ಬದಲಿಸಿ ಉಳಿದದ್ದನ್ನು ಸ್ಥಿರವಾಗಿಡಬೇಕೆಂದು ಬರೆದುಕೊಂಡಿದ್ದ ಪಾಠ ಕಣ್ಣೆದುರು ನಡೆದಿತ್ತು.

‘ಹಾಗಾದರೆ ಕಾಯಿಲ್ ಬದಲಾಯಿಸಿಬಿಡಿ ಮೇಸ್ತ್ರಿಗಳೇ’ ಎಂದರು ಅಪ್ಪ.

‘ಬೇಡಿ ಸಾರ್. ಇದು ಹೊಸ ಕಾಯಿಲ್. ಮೂರು ತಿಂಗಳಿಗೇ ಯಾಕೆ ಹಾಳಾಯ್ತು ಅಂತ ಗೊತ್ತಾಗದೆ ಇನ್ನೊಂದು ಹಾಕಿದ್ರೆ ಅದೂ ಹೋಗತ್ತೆ.’

ಟಾರ್ಚ್ ಹಿಡಿದು ಎರಡನೆಯ ಪ್ಲಗ್ಗಿನ ಗುಳಿಯೊಳಗೆ ನೋಡಿದರು. ತಳದಲ್ಲಿ ಎಂಜಿನ್ ಆಯಿಲ್ ನಿಂತಿತ್ತು. ಟ್ಯಾಪೆಟ್ ಕವರಿಗೂ ಆ ಗುಳಿಗೂ ನಡುವಿನ ಉಂಗುರದಂಥ ರಬ್ಬರ್ ಸೀಲ್ ಗಟ್ಟಿಯಾಗಿ ಸೀಳಿತ್ತು. ಅಲ್ಲಿಂದ ಹನಿಹನಿಯಾಗಿ ಆಯಿಲ್ ಇಳಿದು ಬೂಟಿನ ರಬ್ಬರನ್ನು ಕೆಡಿಸಿತ್ತು. ಬೂಟಿನ ಪಕ್ಕದಲ್ಲಿ ಕೂದಲೆಳೆಯಂಥ ಬಿರುಕು. ಕಿಡಿ ಹಾದುಹೋದ ಬೂದು ಗೆರೆ.

ಮಗಳಿಗೆ ಸಂಶಯ. ‘ಅಂಕಲ್, ಎಣ್ಣೆ ಅವಾಹಕ ಅಲ್ವಾ? ಟ್ರಾನ್ಸ್‌ಫಾರ್ಮರ್ ಒಳಗೂ ಎಣ್ಣೇನೇ ತುಂಬಿರ್ತಾರೆ. ಮತ್ತೆ ಕಿಡಿ ಹೇಗೆ ಸೋರಿತು?’

‘ಒಳ್ಳೇ ಪ್ರಶ್ನೆ ನೋಡಮ್ಮ. ಎಣ್ಣೇಲಿ ಕರೆಂಟ್ ಹರೀಲಿಲ್ಲ. ಎಣ್ಣೆ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡ್ತು, ಬಿಸಿಗೆ ಅದು ಬಿರಿಯಿತು. ಆ ಬಿರುಕಲ್ಲಿ ಕರೆಂಟ್ ಹೋಯ್ತು.’

ಕಾರಣದ ಹಿಂದಿನ ಕಾರಣ ಈಗ ಬಯಲಾಯಿತು. ಮೊದಲ ಗ್ಯಾರೇಜು ಆಯಿಲ್ ಒರೆಸಿ ಹೊಸ ಪ್ಲಗ್ ಹಾಕಿತ್ತು, ತಾತ್ಕಾಲಿಕವಾಗಿ ಸರಿಹೋಗಿತ್ತು. ಎರಡನೆಯ ಗ್ಯಾರೇಜು ಕಾಯಿಲ್ ಹಾಕಿತು. ಅದರೊಂದಿಗೆ ಹೊಸ ಬೂಟೂ ಬಂದದ್ದರಿಂದ ಮೂರು ತಿಂಗಳು ನಡೆಯಿತು. ಇಬ್ಬರೂ ಸುಳ್ಳು ಹೇಳಿರಲಿಲ್ಲ. ಆದರೆ ‘ಇದು ಏಕೆ ಕೆಟ್ಟಿತು?’ ಎಂಬ ಇನ್ನೊಂದು ಪ್ರಶ್ನೆಯನ್ನು ಇಬ್ಬರೂ ಕೇಳಿರಲಿಲ್ಲ.

ಮೇಸ್ತ್ರಿ ಬಟ್ಟೆಯಿಂದ ಗುಳಿಯ ಆಯಿಲ್ಲನ್ನು ಪೂರ್ತಿ ಹೀರಿಸಿದ ನಂತರವೇ ಪ್ಲಗ್ ಬಿಚ್ಚಿದರು. ಇಲ್ಲದಿದ್ದರೆ ಆಯಿಲ್ ಸಿಲಿಂಡರಿಗಿಳಿದು ನೀಲಿ ಹೊಗೆ ಬರುತ್ತದೆ. ಪ್ಲಗ್ ಚೆನ್ನಾಗಿತ್ತು, ಮತ್ತೆ ಹಾಕಿದರು. ಸೀಲ್ ಮತ್ತು ಟ್ಯಾಪೆಟ್ ಕವರಿನ ಪ್ಯಾಕಿಂಗ್ ಬದಲಾಯಿಸಿದರು. ಆ ಕಾಯಿಲ್ಲಿಗೆ ಬೂಟು ಬಿಡಿಯಾಗಿ ಸಿಗುತ್ತಿದ್ದುದರಿಂದ ಬೂಟಷ್ಟೇ ಹೊಸದು. ಇದುವರೆಗೆ ಖರ್ಚಾದುದರ ಮುಂದೆ ಈ ಬಿಲ್ಲು ಏನೂ ಅಲ್ಲ.

ದೋಷ ಜಾಗ ಬಿಡದಿದ್ದರೆ?

ಕಾಯಿಲ್ ಅದಲುಬದಲು ಮಾಡಿದರೂ ದೋಷ ಎರಡನೆಯ ಸಿಲಿಂಡರಿನಲ್ಲೇ ಉಳಿದಿದ್ದರೆ? ಆಗ ಮುಂದಿನ ಹೆಜ್ಜೆ ಪ್ಲಗ್ಗನ್ನು ಬದಲಾಯಿಸಿ ನೋಡುವುದು. ಆಗಲೂ ಸರಿಯದಿದ್ದರೆ ಇಂಜೆಕ್ಟರ್ ಮತ್ತು ಅದರ ವೈರಿಂಗ್. ಅದೂ ಸರಿಯಿದ್ದರೆ ಪ್ಲಗ್ಗಿನ ರಂಧ್ರಕ್ಕೆ ಮಾಪಕ ಜೋಡಿಸಿ ಒತ್ತಡದ ಪರೀಕ್ಷೆ.

ಆರೋಗ್ಯವಂತ ಪೆಟ್ರೋಲ್ ಎಂಜಿನ್ನಿನಲ್ಲಿ ಈ ಒತ್ತಡ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 10ರಿಂದ 13 ಕಿಲೋಗ್ರಾಂ ಆಸುಪಾಸು. ಅಂಕಿಗಿಂತ ಮುಖ್ಯವಾದುದು ಎಲ್ಲ ಸಿಲಿಂಡರುಗಳೂ ಹೆಚ್ಚುಕಡಿಮೆ ಸಮನಾಗಿರುವುದು. ಒಂದು ಮಾತ್ರ ತೀರಾ ಕೆಳಗಿದ್ದರೆ ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಆಯಿಲ್ ಪಿಸ್ಟನ್ ರಿಂಗಿನ ಸಂದನ್ನು ಕ್ಷಣಕಾಲ ಮುಚ್ಚುತ್ತದೆ. ಒತ್ತಡ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಒಂದು ಚಮಚ ಆಯಿಲ್ ಇಡೀ ಎಂಜಿನ್ ಬಿಚ್ಚುವ ಮೊದಲೇ ಇಷ್ಟು ಹೇಳುತ್ತದೆ!

ಸುಲಭದ ಪರೀಕ್ಷೆಯಿಂದ ಕಷ್ಟದ್ದಕ್ಕೆ, ಖರ್ಚಿಲ್ಲದ್ದರಿಂದ ಖರ್ಚಿನದಕ್ಕೆ ಸಾಗುವುದು ಇಲ್ಲಿನ ಕ್ರಮ. ಪ್ರತಿ ಹೆಜ್ಜೆಯ ಫಲಿತಾಂಶವನ್ನು ಬರೆದಿಡುವುದು ಒಳ್ಳೆಯದು. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆದು, ‘ಇದು ಏಕೆ ಕೆಟ್ಟಿತು?’ ಎಂದು ವಿಚಾರಿಸುವ ಹಕ್ಕು ಗ್ರಾಹಕನಿಗಿದೆ.

ಕುತೂಹಲದ ಹುಡುಗರಿಗೆ ಒಂದು ಮಾತು. ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರನ್ನೋ ಕಾಯಿಲ್ಲನ್ನೋ ಕೀಳುವ ಸಾಹಸ ಬೇಡ. ಹಿಂದೆ ಕೆಲವರು ಹಾಗೆ ಕಿತ್ತು ಪರೀಕ್ಷಿಸುತ್ತಿದ್ದುದುಂಟು. ಇಂದಿನ ವ್ಯವಸ್ಥೆಯ ಹೊಡೆತ ಪ್ರಾಣಕ್ಕೇ ಅಪಾಯ ತಂದೀತು. ಹೃದಯದ ಪೇಸ್‌ಮೇಕರ್ ಇರುವವರು ತೆರೆದ ಬಾನೆಟ್ಟಿನ ಹತ್ತಿರವೂ ಎಚ್ಚರದಿಂದಿರಬೇಕು. ಪೆಟ್ರೋಲ್ ವಾಸನೆ ಇರುವಲ್ಲಿ ಕಿಡಿಯ ಪರೀಕ್ಷೆ ಕೂಡದು. ನೋಡಿ ಕಲಿಯುವುದಕ್ಕೂ ಮುಟ್ಟಿ ಕಲಿಯುವುದಕ್ಕೂ ನಡುವೆ ಅನುಭವಿ ಮೇಸ್ತ್ರಿಯೊಬ್ಬರು ಇರಲಿ.

ಪಾಲಕರಿಗೂ ಇಲ್ಲೊಂದು ಪಾಠವಿದೆ. ಗಣಿತದಲ್ಲಿ ಮುಗ್ಗರಿಸುವ ಮಗುವಿಗೆ ಮೊದಲು ಟ್ಯೂಷನ್ ಬದಲು, ಆಮೇಲೆ ಪುಸ್ತಕ ಬದಲು, ಕೊನೆಗೆ ಕಾಲೇಜೇ ಬದಲು ಮಾಡುವವರುಂಟು. ಪ್ರತಿಯೊಂದೂ ನಾಲ್ಕು ದಿನ ಫಲ ಕೊಟ್ಟಂತೆ ಕಾಣುತ್ತದೆ. ಮಗು ಯಾವಾಗ ತಪ್ಪುತ್ತದೆ, ಯಾವ ಬಗೆಯ ಲೆಕ್ಕದಲ್ಲಿ, ಭಾರ ಬಿದ್ದಾಗಲೋ ಸದಾ ಕಾಲವೋ ಎಂದು ಕುಳಿತು ಕೇಳಿದವರು ಕಡಿಮೆ. ಅಡಿಯಲ್ಲಿ ಸೋರುತ್ತಿರುವುದು ಏಳನೆಯ ತರಗತಿಯ ಭಿನ್ನರಾಶಿಯೋ, ಪರೀಕ್ಷೆಯ ಭಯವೋ ಯಾರಿಗೆ ಗೊತ್ತು?

ಮುಂದಿನ ಮಳೆಯಲ್ಲಿ ಆ ಕುಟುಂಬ ಮತ್ತೆ ಚಾರ್ಮಾಡಿ ಏರಿತೆಂದುಕೊಳ್ಳಿ. ಅದೇ ಮಂಜು, ಅದೇ ತಿರುವು. ಅಪ್ಪನ ಕಣ್ಣು ರಸ್ತೆಯ ಮೇಲೆ, ಅಮ್ಮನ ಕಣ್ಣು ಹಳದಿ ದೀಪದ ಮೇಲೆ. ದೀಪ ಹೊತ್ತಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಮಗಳು ಮಾತ್ರ ಕಿವಿಗೊಟ್ಟು ಕೇಳುತ್ತಿದ್ದಳು: ಮೂರೂ ಸಿಲಿಂಡರುಗಳು ಸರದಿ ತಪ್ಪದೆ ಉರಿಯುತ್ತಿದ್ದವು.